ಹೆಣ್ಣುಮಕ್ಕಳ ಬದುಕಿನ ಪುಸ್ತಕ ಎಲ್ಲಿಂದ ಶುರು ಮಾಡಬೇಕು? ಸುಂಟಿಕೊಪ್ಪದಿಂದ ಮಾಡಿ

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಹಳ್ಳಿಯವಳು. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ತಿಂಗಳಿಗೊಮ್ಮೆ ಒಂದು ಪುಸ್ತಕ ಓದಿ ಮಾತಾಡೋಣ ಅಂತ ಮಾಡಿಕೊಂಡಿದ್ದೇವೆ. ಹೆಣ್ಣುಮಕ್ಕಳ ಬದುಕು, ಕಷ್ಟ, ಹೋರಾಟದ ಬಗ್ಗೆ ಪುಸ್ತಕ ಬೇಕು. ಸಂಘದಲ್ಲಿ ತೋಟದ ಒಡೆಯರ ಮನೆಯವರೂ ಇದ್ದಾರೆ, ತೋಟದ ಕೂಲಿಯವರ ಸಾಲುಮನೆಗಳಾದ ಲೈನ್‌ಮನೆಯವರೂ ಇದ್ದಾರೆ. ಕೆಲವರಿಗೆ ಓದಲು ಬರುವುದಿಲ್ಲ. ಹುಡುಕಿದರೆ ಸಿಗುವುದೆಲ್ಲ ಇಂಗ್ಲಿಷ್ ಪುಸ್ತಕ, ಇಲ್ಲವೇ ದೊಡ್ಡ ಸಾಧಕಿಯರ ಜೀವನಚರಿತ್ರೆ. ಎಲ್ಲಿಂದ ಶುರು ಮಾಡಬೇಕು? ಇನ್ನೊಂದು ವಿಷಯ. ಇಂಥ ಪುಸ್ತಕ ಓದಿದರೆ ಮನೆ ಒಡೆಯುತ್ತದೆ ಅಂತ ನಮ್ಮ ಮನೆಯಲ್ಲೇ ಒಬ್ಬರು ಹೇಳಿದರು. ಅವರಿಗೆ ಏನು ಹೇಳಲಿ?

ಉತ್ತರ: ಪಟ್ಟಿ ಹುಡುಕುವುದನ್ನು ನಿಲ್ಲಿಸಿ. ನಿಮ್ಮ ಮೊದಲ ಪುಸ್ತಕ ಸುಂಟಿಕೊಪ್ಪದಲ್ಲಿದೆ. ಅಲ್ಲಿಯ ಕಾಫಿ ತೋಟದ ಮನೆಯೊಂದರಲ್ಲಿ ಕುಳಿತು ಕೊಡಗಿನ ಗೌರಮ್ಮ ಬರೆದ ಕಥೆಗಳಿಂದ ಶುರು ಮಾಡಿ. ಹೆಸರು ನಿಮ್ಮ ಸಂಘದಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಶಾಲೆಯ ಭಾಷಣದಲ್ಲಿ, ಪ್ರಬಂಧದಲ್ಲಿ ಬಂದಿರುತ್ತದೆ. ಕಥೆ ಓದಿದವರು ಮಾತ್ರ ಕಡಿಮೆ. ಅವರ ಸ್ವಂತ ಜಿಲ್ಲೆಯಲ್ಲೇ ಕಡಿಮೆ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳಾಗಿ ಇದು ನನಗೆ ನಿಜಕ್ಕೂ ನೋವಿನ ವಿಷಯ.

ಗೌರಮ್ಮ ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. ಗಂಡ ಬಿ.ಟಿ. ಗೋಪಾಲಕೃಷ್ಣ, ಗುಂಡುಕುಟ್ಟಿ ಮಂಜುನಾಥಯ್ಯನವರ ತೋಟದ ಮ್ಯಾನೇಜರ್. ಗೌರಮ್ಮ ಟೆನಿಸ್ ಆಡುತ್ತಿದ್ದರು, ಹೊಳೆಯಲ್ಲಿ ಈಜುತ್ತಿದ್ದರು, ಕಥೆ ಬರೆದು ಕೆಳಗೆ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ ಗಂಡನ ಹೆಸರು ಹಾಕುತ್ತಿದ್ದರು. 1934ರಲ್ಲಿ ಗಾಂಧೀಜಿ ಹರಿಜನ ನಿಧಿಗೆ ಹಣ ಕೂಡಿಸುತ್ತಾ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕು ಅಂತ ಹಟ ಹಿಡಿದು ಉಪವಾಸ ಕೂತರು. ಗಾಂಧೀಜಿ ಬಂದರು, ಗೌರಮ್ಮ ಮೈಮೇಲಿನ ಒಡವೆಗಳನ್ನು ತೆಗೆದು ನಿಧಿಗೆ ಕೊಟ್ಟರು. 1939ರ ಏಪ್ರಿಲ್‌ನಲ್ಲಿ ಹೊಳೆಯಲ್ಲಿ ಈಜುವಾಗ ಮುಳುಗಿ ತೀರಿಕೊಂಡರು. ಆಗ ಅವರಿಗೆ 27 ವರ್ಷ. 'ಕಂಬನಿ', 'ಚಿಗುರು' ಎಂಬ ಸಂಕಲನಗಳು ಬಂದದ್ದು ಅವರು ಹೋದ ಮೇಲೆ.

ಒಡವೆ ಕೊಟ್ಟ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅವರ ದೊಡ್ಡ ಧೈರ್ಯ ಅದಲ್ಲ, ಬರೆದ ಕಥೆಗಳಲ್ಲಿದೆ. 'ವಾಣಿಯ ಸಮಸ್ಯೆ' ತೆಗೆದುಕೊಳ್ಳಿ. ಇಂದು ಎಂಬುವಳು ಗಂಡ ಸತ್ತ ಹೆಂಗಸು. ಪಕ್ಕದ ಮನೆಗೆ ವಾಣಿ ಮತ್ತು ಅವಳ ಗಂಡ ಬರುತ್ತಾರೆ. ವಾಣಿಗೆ ಮನೆಗೆಲಸ ಅಷ್ಟಕ್ಕಷ್ಟೇ, ಇಂದು ನೆರವಿಗೆ ನಿಲ್ಲುತ್ತಾಳೆ. ಹಾಗೆ ನಿಲ್ಲುತ್ತಾ ನಿಲ್ಲುತ್ತಾ ಆ ಮನೆಯ ಗಂಡಸಿನ ಮನಸ್ಸು ಎತ್ತ ಹೊರಳುತ್ತಿದೆ ಅಂತ ಅವಳಿಗೆ ಗೊತ್ತಾಗುತ್ತದೆ. ತನ್ನ ಮನಸ್ಸೂ ಗೊತ್ತಾಗುತ್ತದೆ. ಯಾರೂ ಕೆಟ್ಟವರಲ್ಲ, ಯಾರೂ ಕೂಗಾಡುವುದಿಲ್ಲ. ದೂರ ಸರಿಯಬೇಕಾದವಳು ಮಾತ್ರ ಇಂದು. 1930ರ ದಶಕದಲ್ಲಿ, ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗಿಯೊಬ್ಬಳು, ವಿಧವೆಗೂ ಆಸೆ ಇರುತ್ತದೆ ಅನ್ನುವುದನ್ನು ಇಷ್ಟು ಸಮಾಧಾನದಿಂದ ಬರೆದಳು. ಕಥೆ ಚಿಕ್ಕದು, ಒಂದೇ ಕೂರಿಕೆಯಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದು. ಓದಿ ಮುಗಿಸಿ ಒಂದು ಪ್ರಶ್ನೆ ಹಾಕಿ, ಇಂದು ಯಾಕೆ ಹೋಗಬೇಕಿತ್ತು? ನಿಮ್ಮ ಸಂಘ ಅವತ್ತು ಬೇಗ ಮುಗಿಯುವುದಿಲ್ಲ, ಬರೆದಿಟ್ಟುಕೊಳ್ಳಿ.

'ಅಪರಾಧಿ ಯಾರು' ಅಂತ ಇನ್ನೊಂದು ಕಥೆ ಇದೆ, ಅದನ್ನೂ ಬಿಡಬೇಡಿ. ಹೆಸರಲ್ಲೇ ಪ್ರಶ್ನೆ ಇದೆ ನೋಡಿ.

ಈಗ ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ಸಂಘದಲ್ಲಿ ತೋಟದ ಮನೆಯವರು, ಲೈನ್‌ಮನೆಯವರು ಇಬ್ಬರೂ ಇದ್ದಾರೆ ಅಂದಿರಿ. ಅದು ಬಹಳ ದೊಡ್ಡ ವಿಷಯ, ಕೊಡಗಿನಲ್ಲಿ ಸುಲಭಕ್ಕೆ ಆಗುವಂಥದ್ದಲ್ಲ. ಹಾಗಾಗಿ ಯಾವ ಪುಸ್ತಕ ಓದಿದರೂ ಒಂದು ಕೆಲಸ ಮಾಡಿ. ಈ ಕಥೆಯಲ್ಲಿ ಕಾಫಿ ಕೊಯ್ಯುತ್ತಿರುವ ಹೆಂಗಸು ಎಲ್ಲಿದ್ದಾಳೆ ಅಂತ ಕೇಳಿ. ಗೌರಮ್ಮ ಬದುಕಿದ್ದು ತೋಟದಲ್ಲಿ, ಆದರೆ ಅವರ ಕಥೆಗಳ ತುಂಬ ಇರುವುದು ಓದಿದ, ಮಧ್ಯಮ ವರ್ಗದ ಮನೆಗಳು. ಇದು ಅವರನ್ನು ಬೈಯುವ ಮಾತಲ್ಲ. ಅವರು ತಮಗೆ ಗೊತ್ತಿದ್ದ ಮನೆಯ ಒಳಗಿನ ಕತ್ತಲನ್ನು ಬರೆದರು, ಬರೆಯುವಷ್ಟು ಆಯಸ್ಸೂ ಸಿಗಲಿಲ್ಲ. ಆದರೆ ಅವರ ಕಿಟಕಿಯ ಹೊರಗೆ ಬುಟ್ಟಿ ಕಟ್ಟಿಕೊಂಡು ನಿಂತಿದ್ದವಳ ಕಥೆ ಬಾಕಿ ಇದೆ, ಅಲ್ವಾ?

ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಹೆಂಗಸರು ಬರೆದ ಒಳ್ಳೆಯ ಕಾದಂಬರಿಗಳಿವೆ. ಕಾವೇರಿ ನಂಬೀಶನ್ ಪಾಲಂಗಾಲದವರು, ಶಸ್ತ್ರಚಿಕಿತ್ಸಕಿ, ಹಳ್ಳಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರು. ಅವರ 'ದಿ ಸೆಂಟ್ ಆಫ್ ಪೆಪ್ಪರ್' 1996ರಲ್ಲಿ ಬಂತು, ನಂಜಿ ಎಂಬ ಕೊಡವ ಹೆಣ್ಣುಮಗಳು ಮನೆ, ತೋಟ, ಮಕ್ಕಳನ್ನು ಹೊತ್ತು ನಿಲ್ಲುವ ಕಥೆ. ಸರಿತಾ ಮಂದಣ್ಣನವರ 'ಟೈಗರ್ ಹಿಲ್ಸ್' 2010ರದ್ದು, 1878ರಲ್ಲಿ ಹುಟ್ಟುವ ದೇವಿ ಎಂಬ ಹುಡುಗಿಯಿಂದ ಶುರುವಾಗುತ್ತದೆ. ಇಂಗ್ಲಿಷ್ ಓದುವವರು ನಿಮ್ಮಲ್ಲಿದ್ದರೆ ಓದಿ ಉಳಿದವರಿಗೆ ಕಥೆ ಹೇಳಲಿ. ಎರಡರಲ್ಲೂ ಹೆಣ್ಣು ಗಟ್ಟಿಗಿತ್ತಿ. ಎರಡರಲ್ಲೂ ಅವಳು ಜಮೀನಿರುವ ಮನೆಯವಳು. ಗದ್ದೆ, ತೋಟದಲ್ಲಿ ದುಡಿಯುವವರು ಆಳುಗಳಾಗಿ ಬಂದು ಹೋಗುತ್ತಾರೆ, ಕಥೆ ಅವರ ಸುತ್ತ ತಿರುಗುವುದಿಲ್ಲ.

ಹಾಗಾದರೆ ಆಚೆ ಬದಿಯ ಕಥೆ ಎಲ್ಲಿದೆ? ಕೇರಳ ಗಡಿಯ ಕುಟ್ಟ ದಾಟಿದರೆ ಸಿಗುತ್ತದೆ. ಬ್ರಹ್ಮಗಿರಿ ಬೆಟ್ಟದ ಈ ಕಡೆ ಇರ್ಪು, ಆ ಕಡೆ ತಿರುನೆಲ್ಲಿ. ನಾವು ಯರವರು ಅನ್ನುವ ಆದಿವಾಸಿ ಜನರನ್ನು ವಯನಾಡಿನಲ್ಲಿ ಅಡಿಯರು ಅನ್ನುತ್ತಾರೆ, ಅವರು ತಮ್ಮನ್ನು ರಾವುಳರು ಅಂದುಕೊಳ್ಳುತ್ತಾರೆ. ಗಡಿ ಸರ್ಕಾರದ್ದು, ಜನ ಒಂದೇ. ಆ ಸಮುದಾಯದಲ್ಲಿ ಹುಟ್ಟಿದವರು ಸಿ.ಕೆ. ಜಾನು. ಅವರು ಹೇಳಿದ ಆತ್ಮಕಥೆಯನ್ನು ಭಾಸ್ಕರನ್ ಎಂಬವರು ಮಲಯಾಳದಲ್ಲಿ ಬರೆದುಕೊಂಡರು, 2004ರಲ್ಲಿ ಅದು 'ಮದರ್ ಫಾರೆಸ್ಟ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂತು. ತೀರಾ ತೆಳ್ಳಗಿನ ಪುಸ್ತಕ. ನಾನು ಯಾರಿಗೆ ಪುಸ್ತಕ ಹೇಳಿದರೂ ಇದನ್ನು ಹೇಳದೆ ಬಿಡುವುದಿಲ್ಲ.

ಮೊದಲ ಭಾಗದಲ್ಲಿ ಕಾಡು, ಹಸಿವು, ಗದ್ದೆ. ಜಾನು 'ನಾನು' ಅನ್ನುವುದಕ್ಕಿಂತ 'ನಾವು' ಅನ್ನುವುದೇ ಜಾಸ್ತಿ. ಚಿಕ್ಕವಳಿದ್ದಾಗ ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದದ್ದು, ಆಮೇಲೆ ಕೂಲಿಗೆ ಹೋದದ್ದು, ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತದ್ದು ಎಲ್ಲ ಬರುತ್ತದೆ. ಎರಡನೆಯ ಭಾಗದಲ್ಲಿ ಸಂಘಟನೆ, ಪಕ್ಷ, ಪಕ್ಷದವರು ತಮ್ಮ ಜನರನ್ನು ಮೆರವಣಿಗೆಗೆ ಮಾತ್ರ ಕರೆಯುತ್ತಾರೆ ಅಂತ ಗೊತ್ತಾಗಿ ಹೊರಗೆ ಬಂದದ್ದು, ಭೂಮಿಗಾಗಿ ತಾವೇ ನಿಂತದ್ದು. 2003ರ ಫೆಬ್ರವರಿಯಲ್ಲಿ ವಯನಾಡಿನ ಮುತ್ತಂಗದಲ್ಲಿ ಕಾಡಿನೊಳಗೆ ಗುಡಿಸಲು ಹಾಕಿದ್ದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರಲ್ಲ, ಆ ಹೋರಾಟದ ಮುಂದಾಳು ಇವರೇ.

ಈ ಪುಸ್ತಕ ನಿಮ್ಮ ಸಂಘದಲ್ಲಿ ಓದುವಾಗ ಸ್ವಲ್ಪ ಹುಷಾರಾಗಿರಿ. ಮಾನಂದವಾಡಿಯ ವಳ್ಳಿಯೂರ್‌ಕಾವು ಉತ್ಸವದಲ್ಲಿ ಜಮೀನ್ದಾರರು ಬಂದು ಒಂದು ವರ್ಷಕ್ಕೆ ಅಂತ ಆಳುಗಳನ್ನು ಗೊತ್ತು ಮಾಡಿಕೊಂಡು ಹೋಗುತ್ತಿದ್ದರು. ಅಂಥ ನೆನಪು ಗಡಿಯ ಈ ಕಡೆಯೂ ಇದೆ. ನಮ್ಮ ಗದ್ದೆ, ತೋಟಗಳಲ್ಲಿ ಯರವರು ತಲೆಮಾರುಗಳ ಕಾಲ ಜೀತಕ್ಕಿದ್ದದ್ದು ಯಾರೂ ಅಲ್ಲಗಳೆಯುವ ವಿಷಯವಲ್ಲ. ಜೀತ ರದ್ದು ಮಾಡುವ ಕಾಯ್ದೆ ಬಂದದ್ದೇ 1976ರಲ್ಲಿ. ಒಂದೇ ಚಾಪೆಯ ಮೇಲೆ ಅಂಥ ಮನೆಯ ಮೊಮ್ಮಗಳೂ, ಆ ಮನೆಯಲ್ಲಿ ದುಡಿದವರ ಮೊಮ್ಮಗಳೂ ಕೂತಿರಬಹುದು. ಮಾತು ಬಿಸಿಯಾಗುತ್ತದೆ. ಆಗಲಿ. ತೋಟದ ಮನೆಯವರು ಮೊದಲು ಸುಮ್ನೆ ಕೇಳಿಸಿಕೊಳ್ಳಲಿ, ನಾವು ಹಾಗೆ ಮಾಡಲಿಲ್ಲ ಅನ್ನುವ ಮಾತು ಆಮೇಲೆ ಇದ್ದೇ ಇದೆ.

ಹೋರಾಟ ಅಂದಕೂಡಲೇ ದೆಹಲಿ, ಬೆಂಗಳೂರು ನೆನಪಾಗುತ್ತದೆ ನಮಗೆ. 2016ರ ಡಿಸೆಂಬರ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗ, ಅಲ್ಲೇ ಕೂತು ಹೋರಾಡಿದವರ ಮುಂದೆ ನಿಂತವರು ಜೆ.ಕೆ. ಮುತ್ತಮ್ಮ ಎಂಬ ಆದಿವಾಸಿ ಹೆಣ್ಣುಮಗಳು. ಅವರಲ್ಲಿ ಬಹಳ ಜನ ಲೈನ್‌ಮನೆಗಳಿಂದ ಹೊರಬಂದು, ನಮಗೂ ಒಂದು ತುಂಡು ನೆಲ ಬೇಕು ಅಂದವರು. ಕೊನೆಗೆ ಸರ್ಕಾರ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಕೊಟ್ಟಿತು. ಜಾನು ಪುಸ್ತಕವನ್ನು ಓದಿದ ಮೇಲೆ ದಿಡ್ಡಳ್ಳಿಯ ಬಗ್ಗೆ ಮಾತಾಡಿ. ಆಗ ಅದು ಪಕ್ಕದ ರಾಜ್ಯದ ಕಥೆಯಾಗಿ ಉಳಿಯುವುದಿಲ್ಲ.

ಇಂಗ್ಲಿಷ್ ಬರುವವರು ಒಬ್ಬರಾದರೂ ಆ ಪುಸ್ತಕವನ್ನು ಮುಂಚೆ ಓದಿಕೊಂಡು ಬಂದು ಕನ್ನಡದಲ್ಲೋ, ಕೊಡವದಲ್ಲೋ, ಅರೆಭಾಷೆಯಲ್ಲೋ ಹೇಳಬೇಕಾಗುತ್ತದೆ. ಡಿಗ್ರಿ ಓದುವ ಮಗಳು ಯಾರ ಮನೆಯಲ್ಲಾದರೂ ಇದ್ದೇ ಇರುತ್ತಾಳೆ, ಅವಳನ್ನು ಕೂರಿಸಿಕೊಳ್ಳಿ. ಅವಳಿಗೂ ಒಳ್ಳೆಯದು.

ಕನ್ನಡದ್ದಕ್ಕೆ ಬರೋಣ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ನಿಮ್ಮ ಎರಡನೆಯ ಅಥವಾ ಮೂರನೆಯ ಪುಸ್ತಕವಾಗಲಿ. ಅದು 1976ರಲ್ಲಿ ಬಂತು. ಲೇಖಕಿಯ ಕುಟುಂಬದಲ್ಲೇ ಬಾಳಿದ ಅಜ್ಜಿಯೊಬ್ಬರ ಕಥೆ. ಮಲೆನಾಡಿನ ಬ್ರಾಹ್ಮಣ ಮನೆ, ಇನ್ನೂ ಆಡುವ ವಯಸ್ಸಿನಲ್ಲಿ ಮದುವೆ, ಮದುವೆ ಬೆನ್ನಿಗೇ ಗಂಡನ ಸಾವು, ತಲೆ ಬೋಳಿಸಿ ಒಂದು ಮೂಲೆ. ಆ ಮೂಲೆಯಲ್ಲೇ ಆಕೆ ನೂರು ದಾಟಿ ಬದುಕಿದರು. ಮಡಿ ಬಿಡದ ಆಕೆಯೇ ಜಾತಿ ನೋಡದೆ ಬೇರೆಯವರ ಮನೆಯ ಹೆರಿಗೆಗೆ ಕೈ ಹಾಕುತ್ತಾರೆ. ಮುಂದೊಮ್ಮೆ ದಾಕ್ಷಾಯಿಣಿ ಎಂಬ ಹುಡುಗಿ ವಿಧವೆಯಾಗಿ, ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ತಿರುಗಿ ನಿಂತಾಗ ಫಣಿಯಮ್ಮ ಅವಳ ಪರ ನಿಲ್ಲುತ್ತಾರೆ. ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದ್ದಾರೆ. ಓದು ಬಾರದವರಿಗೆ ಮೊದಲು ಸಿನಿಮಾ ತೋರಿಸಿದರೂ ಆದೀತು, ಆದರೆ ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಸಿಗುವುದೇ ಬೇರೆ.

ನಾನು ತೋಟದ ಕೆಲಸದ ಹೆಂಗಸರ ಜೊತೆ ಕೂತು ಇದನ್ನು ಓದಿದ್ದೇನೆ. ತರಗತಿಯಲ್ಲಿ ಈ ಪುಸ್ತಕ ಪಾಠ ಮಾಡುವಾಗ ಎಲ್ಲ ಪ್ರಶ್ನೆಗಳೂ ತಲೆ ಬೋಳಿಸುವುದರ ಸುತ್ತಲೇ ಬರುತ್ತಿದ್ದವು. ಇಲ್ಲಿ ಒಬ್ಬ ಹೆಂಗಸು ಕೇಳಿದ ಪ್ರಶ್ನೆ, "ಅಷ್ಟು ದೊಡ್ಡ ಮನೆಗೆ ಇಡೀ ಜೀವಮಾನ ದುಡಿದಳಲ್ಲ, ಅವಳಿಗೆ ಏನು ಕೊಟ್ಟರು?" ಅವಳು ದಿನಗೂಲಿ ಲೆಕ್ಕ ಗೊತ್ತಿರುವವಳು. ಫಣಿಯಮ್ಮನ ದುಡಿಮೆ ಅವಳ ಕಣ್ಣಿಗೆ ದುಡಿಮೆಯಾಗಿಯೇ ಕಂಡಿತು, ತ್ಯಾಗವಾಗಿ ಅಲ್ಲ. ಅಷ್ಟು ವರ್ಷ ಪಾಠ ಮಾಡಿದ ಪುಸ್ತಕ ಅವತ್ತು ನನಗೆ ಹೊಸದಾಗಿ ತೆರೆದುಕೊಂಡಿತು. ಅದಕ್ಕೇ ಹೇಳುತ್ತೇನೆ, ಓದಲು ಬಾರದವರು ಇದ್ದಾರೆ ಅನ್ನುವುದನ್ನು ಕೊರತೆ ಅಂದುಕೊಳ್ಳಬೇಡಿ. ಓದುವವರಿಗೆ ಹೊಳೆಯದ್ದು ಕೇಳುವವರಿಗೆ ಹೊಳೆಯುತ್ತದೆ.

ಈಗ ಮನೆ ಒಡೆಯುವ ಮಾತು. ಇದು ಹಳೆಯ ಭಯ. 19ನೇ ಶತಮಾನದ ಬಂಗಾಳದಲ್ಲಿ ಹೆಣ್ಣು ಅಕ್ಷರ ಕಲಿತರೆ ವಿಧವೆಯಾಗುತ್ತಾಳೆ ಅನ್ನುತ್ತಿದ್ದರು. ಅಲ್ಲಿ ರಾಸಸುಂದರಿ ದೇವಿ ಎಂಬ ಗೃಹಿಣಿ, ಮನೆ ತುಂಬ ಮಕ್ಕಳು, ಉಣ್ಣಲೂ ಬಿಡುವಿಲ್ಲ. ಅವರು 'ಚೈತನ್ಯ ಭಾಗವತ'ದ ಒಂದು ಹಾಳೆ ಕದ್ದು ಅಡುಗೆಮನೆಯಲ್ಲಿ ಬಚ್ಚಿಟ್ಟರು, ಮಗ ಬರೆದು ಕಲಿಯುತ್ತಿದ್ದ ತಾಳೆಗರಿಯ ಅಕ್ಷರಗಳ ಜೊತೆ ಹೋಲಿಸಿ ಹೋಲಿಸಿ ಓದಲು ಕಲಿತರು. 1876ರಲ್ಲಿ 'ಅಮಾರ್ ಜೀಬನ್' ಅಂತ ತಮ್ಮ ಜೀವನ ಕಥೆ ಪ್ರಕಟಿಸಿದರು. ಬಂಗಾಳಿಯ ಮೊದಲ ಆತ್ಮಕಥೆ ಅದು. ಅವರು ಓದು ಕಲಿತದ್ದಕ್ಕೆ ಮನೆ ಒಡೆಯಲಿಲ್ಲ, ಆಗಲೂ ಗಂಡ, ಮಕ್ಕಳು, ಅಡುಗೆ ಎಲ್ಲ ಇತ್ತು. ನಿಮ್ಮ ಮನೆಯವರಿಗೆ ಈ ಕಥೆ ಹೇಳಿ. ಹೇಳಿದ ಮೇಲೆ ಇದನ್ನೂ ಹೇಳಿ, ಪುಸ್ತಕ ಓದಿದ್ದಕ್ಕೆ ಒಡೆಯುವ ಮನೆ ಮೊದಲೇ ಬಿರುಕು ಬಿಟ್ಟಿರುತ್ತದೆ. ಕುಡಿದು ಬಂದು ಹೊಡೆಯುವವನಿಂದ ಒಡೆದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಕಾದಂಬರಿಯಿಂದ ಒಡೆದ ಮನೆ ನಾನು ಒಂದೂ ನೋಡಿಲ್ಲ.

ಹೊಡೆತದ ವಿಷಯ ಬಂತಲ್ಲ, ಡಾ. ವಿಜಯಾ ಅವರ 'ಕುದಿ ಎಸರು' ಓದಲೇಬೇಕಾದ ಆತ್ಮಕಥೆ. 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಪತ್ರಿಕೆ, ರಂಗಭೂಮಿಯಲ್ಲಿ ಹೆಸರು ಮಾಡಿದ ಹೆಂಗಸು ಮನೆಯೊಳಗೆ ಏನೆಲ್ಲ ಸಹಿಸಿದಳು ಅನ್ನುವುದನ್ನು ಮುಚ್ಚಿಡದೆ ಬರೆದಿದ್ದಾರೆ. ಆದರೆ ಇದನ್ನು ಮೊದಲ ತಿಂಗಳಲ್ಲೇ ಇಡಬೇಡಿ. ಸಂಘದವರು ಒಬ್ಬರನ್ನೊಬ್ಬರು ನಂಬುವ ಹಂತಕ್ಕೆ ಬರಲಿ. ಇದನ್ನು ಕೇಳುವಾಗ ಯಾರಾದರೂ ಎದ್ದು ಹೊರಗೆ ಹೋಗಬಹುದು, ಯಾರಾದರೂ ಅಳಬಹುದು, ತನ್ನ ಕಥೆ ಹೇಳಬಹುದು. ಹಾಗೆ ಹೇಳಿದ ಮಾತು ಸಂಘದ ಬಾಗಿಲು ದಾಟಬಾರದು ಅಂತ ಮೊದಲೇ ಒಪ್ಪಿಕೊಳ್ಳಿ. ನಮ್ಮ ಊರುಗಳಲ್ಲಿ ಇವತ್ತಿನ ಮಾತು ನಾಳೆ ಸಂತೆಗೆ ಬಂದಿರುತ್ತದೆ, ನಿಮಗೂ ಗೊತ್ತು. ಈಗಲೂ ಮನೆಯಲ್ಲಿ ಏಟು ತಿನ್ನುತ್ತಿರುವವರು ಯಾರಾದರೂ ಇದ್ದರೆ ಪುಸ್ತಕ ಸಾಕಾಗುವುದಿಲ್ಲ. 181 ಮಹಿಳಾ ಸಹಾಯವಾಣಿ ಇದೆ, ನಂಬರನ್ನು ಎಲ್ಲರೂ ಫೋನಿನಲ್ಲಿ ಇಟ್ಟುಕೊಂಡಿರಲಿ.

ನಿಮ್ಮ ಕಡೆ ಮುಸ್ಲಿಂ ಮನೆಗಳು ಬಹಳ. ಸಂಘದಲ್ಲಿ ಅವರೂ ಇದ್ದಾರೆ ಅಂದುಕೊಳ್ಳುತ್ತೇನೆ. ಸಾರಾ ಅಬೂಬಕ್ಕರ್ ಕಾಸರಗೋಡಿನವರು. ಅವರ 'ಚಂದ್ರಗಿರಿಯ ತೀರದಲ್ಲಿ' 1980ರ ದಶಕದ ಶುರುವಿನಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದಾಗ ಕನ್ನಡಕ್ಕೆ ಅಂಥ ಮನೆಯ ಒಳಗು ಹೊಸದು. ನಾದಿರಾ ಗಂಡನನ್ನು ಪ್ರೀತಿಸುತ್ತಾಳೆ, ಗಂಡನೂ ಅವಳನ್ನು ಪ್ರೀತಿಸುತ್ತಾನೆ. ಅಪ್ಪನ ಹಟಕ್ಕೆ ತಲಾಖ್ ಆಗಿಹೋಗುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಮಧ್ಯೆ ಬೇರೊಬ್ಬನ ಜೊತೆ ಒಂದು ರಾತ್ರಿಯ ಮದುವೆ. ಅದಕ್ಕೆ ಅವಳು ಕೊಡುವ ಉತ್ತರ ಓದಿ ನೀವೇ ತಿಳಿಯಿರಿ. ಬಾನು ಮುಷ್ತಾಕ್ ಹಾಸನದವರು, ವಕೀಲರು, ಬಂಡಾಯ ಚಳವಳಿಯಿಂದ ಬಂದವರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಗೆದ್ದದ್ದು ಎಲ್ಲರಿಗೂ ಗೊತ್ತು. ಅದನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು, ಗೌರಮ್ಮನ ಕಥೆಗಳನ್ನು 2023ರಲ್ಲಿ ಇಂಗ್ಲಿಷಿಗೆ ಕೊಟ್ಟವರೂ ಅವರೇ. ಬಾನು ಅವರ 'ಕರಿನಾಗರಗಳು' ಕಥೆಯನ್ನು ಸಂಘಕ್ಕೆ ಆರಿಸಿ. ಗಿರೀಶ್ ಕಾಸರವಳ್ಳಿ 'ಹಸೀನಾ' ಸಿನಿಮಾ ಮಾಡಿದ್ದು ಅದರಿಂದಲೇ.

ಒಂದು ಎಚ್ಚರಿಕೆ ಮಾತ್ರ. ಈ ಎರಡನ್ನೂ ಓದುವಾಗ 'ಅವರಲ್ಲಿ ಹೀಗೆ' ಅನ್ನುವ ಮಾತು ಕೂಡಲೇ ಬರುತ್ತದೆ. ಬಂದರೆ 'ಫಣಿಯಮ್ಮ'ನನ್ನು ನೆನಪಿಸಿ. ಸಾರಾ, ಬಾನು ಇಬ್ಬರೂ ತಮ್ಮ ಮನೆಯವರ ಕೋಪವನ್ನು ಎದುರು ಹಾಕಿಕೊಂಡು ಬರೆದದ್ದು ಬೇರೆಯವರು ಅವರ ಜನರನ್ನು ಬೈಯಲಿ ಅಂತ ಅಲ್ಲ.

ದುಃಖದ ಪುಸ್ತಕಗಳೇ ಜಾಸ್ತಿ ಆದವು ಅನ್ನಿಸಿದರೆ ವೈದೇಹಿಯವರನ್ನು ತನ್ನಿ. 'ಅಕ್ಕು' ಕಥೆಯನ್ನು ಗಟ್ಟಿಯಾಗಿ ಓದಿದರೆ ಚಾಪೆಯ ಮೇಲಿದ್ದವರೆಲ್ಲ ನಗುತ್ತಾರೆ, ನಕ್ಕ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಕುಂದಾಪುರದ ಮಾತು ಮೊದಮೊದಲು ಕಾಲಿಗೆ ಸಿಗುತ್ತದೆ, ಕಿವಿ ಬೇಗ ಹೊಂದಿಕೊಳ್ಳುತ್ತದೆ. ಗೀತಾ ನಾಗಭೂಷಣರ 'ಬದುಕು' ಕಲಬುರಗಿ ಕಡೆಯ ದುಡಿಯುವ ಜನರದು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರು, 2004ರಲ್ಲಿ. ಅಷ್ಟು ದಪ್ಪದ ಪುಸ್ತಕ ಒಂದು ತಿಂಗಳಿಗೆ ಆಗುವುದಿಲ್ಲ, ಕಕ್ಕಡ ತಿಂಗಳ ಮಳೆಯಲ್ಲಿ ತೋಟದ ಕೆಲಸ ಕಡಿಮೆ ಇರುವಾಗ ಕೈಗೆತ್ತಿಕೊಳ್ಳಿ. ಕೊಯ್ಲಿನ ತಿಂಗಳುಗಳಲ್ಲಿ ಸಣ್ಣ ಕಥೆಯೇ ಸರಿ. ಬೆಳಗಿಂದ ಸಂಜೆ ತನಕ ಕಾಫಿ ಕೊಯ್ದು ಬಂದವಳಿಗೆ ಕಾದಂಬರಿ ಕೇಳು ಅನ್ನುವುದು ಅನ್ಯಾಯ. 'ಬದುಕು ಬಯಲು' ಕೂಡ ನೆನಪಿಡಿ. ಎ. ರೇವತಿ ಎಂಬ ಲಿಂಗಪರಿವರ್ತಿತ ಹೆಣ್ಣುಮಗಳ ಆತ್ಮಕಥೆ, ದು. ಸರಸ್ವತಿ ಕನ್ನಡಕ್ಕೆ ತಂದಿದ್ದಾರೆ. ಹೆಣ್ಣಾಗಿ ಬದುಕಲು ಒಬ್ಬರು ಇಷ್ಟು ಬೆಲೆ ಕೊಡಬೇಕಾಯಿತೇ ಅಂತ ಓದುತ್ತಾ ನನಗೆ ಕಣ್ಣು ತುಂಬಿದೆ.

ಹೋರಾಟದ ಇತಿಹಾಸ ಬೇಕು ಅಂದಿರಿ. ರಾಧಾ ಕುಮಾರ್ ಅವರ 'ದಿ ಹಿಸ್ಟರಿ ಆಫ್ ಡೂಯಿಂಗ್' 1993ರದ್ದು, 1800ರಿಂದ 1990ರ ತನಕ ಭಾರತದ ಹೆಣ್ಣುಮಕ್ಕಳ ಚಳವಳಿಗಳನ್ನು ಚಿತ್ರಗಳ ಜೊತೆ ಹೇಳುತ್ತದೆ. ಇಡೀ ಪುಸ್ತಕ ಬೇಡ. ಮಥುರಾ ಪ್ರಕರಣದ ಭಾಗವನ್ನು ತೆಗೆದುಕೊಳ್ಳಿ. ಮಹಾರಾಷ್ಟ್ರದ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲೇ ಅತ್ಯಾಚಾರ ಆಯಿತು, ಸುಪ್ರೀಂ ಕೋರ್ಟು ಪೊಲೀಸರನ್ನು ಬಿಟ್ಟಿತು, 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಕೋರ್ಟಿಗೆ ಬಹಿರಂಗ ಪತ್ರ ಬರೆದರು, ದೇಶದ ಹೆಂಗಸರು ಬೀದಿಗೆ ಬಂದರು, 1983ರಲ್ಲಿ ಕಾನೂನು ಬದಲಾಯಿತು. ಒಂದು ಪತ್ರದಿಂದ ಏನಾಗುತ್ತದೆ ಅನ್ನುವವರಿಗೆ ಇದನ್ನು ಹೇಳಬೇಕು. ತೋಟದ ಹೆಂಗಸರಿಗೆ ಇನ್ನೂ ಹತ್ತಿರದ್ದು ಮುನ್ನಾರ್. 2015ರ ಸೆಪ್ಟೆಂಬರ್‌ನಲ್ಲಿ ಬೋನಸ್ ಶೇ 20ರಿಂದ ಶೇ 10ಕ್ಕೆ ಇಳಿಸಿದ್ದಕ್ಕೆ ಚಹಾ ತೋಟದ ಹೆಣ್ಣಾಳುಗಳು ಯೂನಿಯನ್ ಮುಖಂಡರನ್ನು ದೂರ ಇಟ್ಟು ತಾವೇ ರಸ್ತೆಯಲ್ಲಿ ಕೂತರು. 'ಪೆಂಬಿಳೈ ಒರುಮೈ', ಅಂದರೆ ಹೆಂಗಸರ ಒಗ್ಗಟ್ಟು, ಅಂತ ಹೆಸರಿಟ್ಟುಕೊಂಡರು. ಬೋನಸ್ ವಿಷಯದಲ್ಲಿ ಗೆದ್ದರು.

ಇನ್ನು ಕೊನೆಯ ಪುಸ್ತಕ. 1940ರ ದಶಕದ ತೆಲಂಗಾಣ ರೈತ ಹೋರಾಟದಲ್ಲಿ ಬಂದೂಕು ಹಿಡಿದ, ಸುದ್ದಿ ಒಯ್ದ, ಕಾಡಿನಲ್ಲಿ ಮಗು ಹೆತ್ತ ಹೆಂಗಸರ ಮಾತುಗಳನ್ನು ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನ ಎಂಬ ಗುಂಪು ಧ್ವನಿಮುದ್ರಿಸಿಕೊಂಡು, ಮೊದಲು ತೆಲುಗಿನಲ್ಲಿ, ಆಮೇಲೆ 1989ರಲ್ಲಿ 'ವಿ ವರ್ ಮೇಕಿಂಗ್ ಹಿಸ್ಟರಿ' ಎಂದು ಇಂಗ್ಲಿಷಿನಲ್ಲಿ ತಂದಿತು. ಹೋರಾಟ ಮುಗಿದ ಮೇಲೆ ಮನೆಗೆ ಹೋಗಿ ಅಂದರು ಅನ್ನುವ ನೋವು ಆ ಹೆಂಗಸರ ಮಾತಿನಲ್ಲಿದೆ. ಇದನ್ನು ನಾನು ಹೇಳುತ್ತಿರುವುದು ನೀವು ಓದಲಿ ಅನ್ನುವುದಕ್ಕಷ್ಟೇ ಅಲ್ಲ, ಹೀಗೆ ಮಾಡಲಿ ಅಂತ.

ಯಾಕೆಂದರೆ ಕೊಡಗಿನ ಲೈನ್‌ಮನೆಯ ಹೆಂಗಸಿನ ಮಾತಿನಲ್ಲಿ ಅವಳದ್ದೇ ಬದುಕು ನಾವು ಓದಬೇಕಾಗಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಅವರು ಬರೆದಿಡದಿದ್ದರೆ ಅದರಲ್ಲಿ ಎಷ್ಟೋ ಹಾಡು ಹೋಗುತ್ತಿತ್ತು. ಅದೇ ಕೆಲಸ ಆದಿವಾಸಿಗಳ ಹಾಡಿಯಲ್ಲಿ, ಲೈನ್‌ಮನೆಯಲ್ಲಿ ಆಗಬೇಕು. ಈಗ ಟೇಪ್ ರೆಕಾರ್ಡರ್ ಬೇಡ, ಎಲ್ಲರ ಕೈಯಲ್ಲೂ ಫೋನ್ ಇದೆ. ನಿಮ್ಮ ಸಂಘದಲ್ಲೇ ಅರವತ್ತು ದಾಟಿದ ಹೆಂಗಸರಿರುತ್ತಾರೆ. ಕೇಳಿ. ಮೊದಲ ಸಲ ತೋಟಕ್ಕೆ ಹೋದಾಗ ವಯಸ್ಸೆಷ್ಟು? ಗಂಡಾಳಿಗೆ ಎಷ್ಟು ಕೊಡುತ್ತಿದ್ದರು, ನಿಮಗೆ ಎಷ್ಟು? ಹೆರಿಗೆ ಎಲ್ಲಾಯಿತು, ಎಷ್ಟು ದಿನಕ್ಕೆ ಮತ್ತೆ ಕೆಲಸಕ್ಕೆ ಹೋದಿರಿ? 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕು ಅಂತ 1951ರ ತೋಟ ಕಾರ್ಮಿಕ ಕಾಯ್ದೆ ಹೇಳಿತ್ತು, ನೀವು ಮಗುವನ್ನು ಎಲ್ಲಿ ಮಲಗಿಸುತ್ತಿದ್ದಿರಿ? ಮೇಸ್ತ್ರಿ, ತೋಟದ ಲೆಕ್ಕ ಬರೆಯುವ ರೈಟರ್ ಹೇಗೆ ಮಾತಾಡಿಸುತ್ತಿದ್ದರು? ಸಾಲ ಯಾರ ಹೆಸರಿನಲ್ಲಿತ್ತು? ಇದಕ್ಕಿಂತ ಒಳ್ಳೆಯ ಪ್ರಶ್ನೆಗಳು ನಿಮಗೇ ಹೊಳೆಯುತ್ತವೆ, ನಿಮಗೆ ಆ ಜಾಗ ಗೊತ್ತು.

ಮಾಡುವಾಗ ಕೆಲವು ವಿಷಯ ಗಟ್ಟಿಯಾಗಿ ಹಿಡಿಯಿರಿ. ಹೇಳಿದವಳು ಒಪ್ಪಿದರೆ ಮಾತ್ರ ರೆಕಾರ್ಡ್ ಮಾಡಿ, ಹೆಸರು ಬೇಡ ಅಂದರೆ ಬೇಡ. ಅವಳಿಗೆ ಈಗಲೂ ಅದೇ ತೋಟದಲ್ಲಿ ಕೆಲಸ ಇರಬಹುದು, ಆಡಿದ ಮಾತಿಗೆ ಕೂಲಿ ಹೋಗಬಾರದು. ಅವಳು ಯರವ ಭಾಷೆಯಲ್ಲಿ ಹೇಳಿದರೆ ಹಾಗೇ ಇಟ್ಟುಕೊಳ್ಳಿ, ತಮಿಳೋ ಮಲಯಾಳವೋ ಬೆರೆತಿದ್ದರೆ ಹಾಗೇ ಇರಲಿ, ಪುಸ್ತಕದ ಕನ್ನಡಕ್ಕೆ ತಿದ್ದಲು ಹೋಗಬೇಡಿ. ಬರೆದ ಮೇಲೆ ಅವಳಿಗೇ ಓದಿ ಹೇಳಿ. ಅವಳು ತೆಗೆಯಿರಿ ಅಂದದ್ದನ್ನು ತೆಗೆಯಿರಿ.

ಪುಸ್ತಕ ಸಿಗುವ ವಿಷಯ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಮೊದಲು ಕೇಳಿ. ಇಲ್ಲದಿದ್ದರೆ ಸಂಘದ ಲೆಟರ್‌ಹೆಡ್‌ನಲ್ಲಿ ಪುಸ್ತಕದ ಹೆಸರು ಬರೆದು ಬೇಡಿಕೆ ಕೊಡಿ, ಒಬ್ಬರು ಬಾಯಲ್ಲಿ ಕೇಳುವುದಕ್ಕೂ ಸಂಘ ಬರೆದು ಕೇಳುವುದಕ್ಕೂ ವ್ಯತ್ಯಾಸ ಇದೆ. ಮಡಿಕೇರಿಯ ಜಿಲ್ಲಾ ಗ್ರಂಥಾಲಯಕ್ಕೂ ಒಂದು ಪ್ರತಿ ಹೋಗಲಿ. ಗೌರಮ್ಮನ ಸಮಗ್ರ ಕಥೆಗಳ ಒಂದು ಪ್ರತಿಯನ್ನು ಮಾತ್ರ ಸಂಘದ ದುಡ್ಡಿನಲ್ಲೇ ಕೊಂಡುಕೊಳ್ಳಿ, ಅದು ಕೈಯಿಂದ ಕೈಗೆ ಹೋಗಬೇಕು. ಮೊದಲ ಸಭೆಗೆ 'ವಾಣಿಯ ಸಮಸ್ಯೆ', ಓದುವವರು ಇಬ್ಬರು, ಅರ್ಧ ಅರ್ಧ. ಅವರಲ್ಲಿ ಒಬ್ಬಳು ಲೈನ್‌ಮನೆಯ ಹುಡುಗಿಯಾಗಿರಲಿ.